ಬಲಗೈಯ ಮಣ್ಣು

"ಎಡಗೈಲೆ ಬ್ಯಾಡ ಬೇ! ಬಲಗೈಲೆ ಹಾಕು!"

ದೊಡ್ಡಜ್ಜ ಯಮನಪ್ಪ ಗದರಿದ್ದಕ್ಕೆ, ಅಜ್ಜನನ್ನು ಇಳಿಸಿದ ಕುಣಿಗೆ ಮಣ್ಣು ಹಾಕಲು ಬಗ್ಗಿದ್ದ ಏಳು ವರ್ಷದ ಪೂನಮ್ ಕೈ ಹಿಂದೆಳೆದಳು. ಬಲಗೈಯಲ್ಲಿ ಮಣ್ಣೆತ್ತಿದಳು. ಮಣಿಕಟ್ಟಿನ ಸುತ್ತ ಬಿಗಿಬಳೆ ಕಳಚಿಟ್ಟಂಥ ಗೀರು. ಅದರಾಚೆಯ ಬೆರಳುಗಳಿಗೆ ಹಿಡಿತ ಸಾಲದು. ಒಣ ಕರಿಮಣ್ಣು ಸಂದಿಯಲ್ಲೆಲ್ಲ ಸೋರಿ, ಕೈ ಕುಣಿಯ ಮೇಲೆ ಬರುವಷ್ಟರಲ್ಲಿ ಖಾಲಿ. ಎರಡನೆಯ ಸಲವೂ ಅಷ್ಟೆ.

"ಅಮಸಿದ್ದಪ್ಪ ಇದ್ದಿದ್ರ ಯಮನಪ್ಪಣ್ಣಾ, ನಿನ್ನ ದನಿ ತಗದು ನಿನಗಽ ಬೈತಿದ್ದ ನೋಡು," ಎಂದಳು ನೆರೆಮನೆಯ ಯಲ್ಲವ್ವ. ಅಳುತ್ತಿದ್ದವರೂ ಸೆರಗಿನೊಳಗೆ ನಕ್ಕರು. ಕುರಿ, ಕಂಡಕ್ಟರ್, ಡಾಕ್ಟರ್ ಯಾರದೇ ಆಗಲಿ, ಸತ್ತ ಅಜ್ಜನ ಗಂಟಲಿಗೆ ಬಾರದ ದನಿಯೇ ಇರಲಿಲ್ಲ.

ವೈಶಾಲಿ ನಗಲಿಲ್ಲ. ಮಗಳ ಕೈಯನ್ನೇ ನೋಡುತ್ತಿದ್ದಳು. 'ಇಷ್ಟಕ್ಕಽ ಅಷ್ಟು ದೊಡ್ಡ ಗಂಡಾಂತರ ಮೈಮ್ಯಾಲೆ ಹಾಕ್ಕೊಂಡ್ಯಾ?' ಏಳು ವರ್ಷ ಅವಳು ಅಂಜಿದ್ದ ಮಾತು, ಇವತ್ತು ಯಾರಾದರೂ ಆಡಿಬಿಟ್ಟರೆ?

*

ಆಗ ವೈಶಾಲಿ ಆರು ತಿಂಗಳ ಬಸುರಿ. ಬೆಂಗಳೂರಿನ ಡಾಕ್ಟರು ಸ್ಕ್ಯಾನಿಂಗ್ ತೆರೆಯ ಮೇಲೆ ತೋರಿಸಿದ್ದರು: ಗರ್ಭಚೀಲದ ಪೊರೆಯಿಂದ ಹರಿದ ಎಳೆಯೊಂದು ಕೂಸಿನ ಮಣಿಕಟ್ಟಿಗೆ ಸುತ್ತಿ ಬಿಗಿಯುತ್ತಿದೆ. ಒಳಗೇ ಕತ್ತರಿಸಿದರೆ ಕೈ ಉಳಿದೀತು. ಕತ್ತರಿಸುವಾಗ ನೀರಿನ ಚೀಲ ಒಡೆದರೆ ಕೂಸೇ ಉಳಿಯಲಿಕ್ಕಿಲ್ಲ.

"ಒಂದು ಕೈ ಇಲ್ಲಂದ್ರ ಏನಾತು? ಕೂಸರ ಇರತೈತಿ," ಎಂದಿದ್ದ ಮಾವನ ಅಣ್ಣ ಯಮನಪ್ಪ. ಗಂಡ ಶಶಿಕಾಂತ ನೆಲ ನೋಡುತ್ತಿದ್ದ. ಮಾವ ಅಮಸಿದ್ದಪ್ಪ ಮಾತ್ರ ಡಾಕ್ಟರ ಕೈ ನೋಡುತ್ತಿದ್ದ.

"ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಕೈ ಭಾಳ ದಪ್ಪೈತ್ರಿ. ಕುರಿ ಈಯೂಮುಂದ ಮರಿ ತೊಡಕಿತಂದ್ರ ನಾವು ಸಣ್ಣ ಕೈಯವರನ್ನ ಕರೀತೀವ್ರಿ. ನಮ್ಮ ಮನ್ಯಾಕಿ ಸೋಮವ್ವ ಅದಾಳ, ಕರಸ್ಲೇನ್ರಿ?"

ಡಾಕ್ಟರು ನಕ್ಕು, ಕಂಬಳಿ ಹೊಲಿಯುವ ದಬ್ಬಣದಷ್ಟೇ ದಪ್ಪದ ನಳಿಕೆ ತೋರಿಸಿದರು. ಅದರ ತುದಿಯಲ್ಲೇ ಕಣ್ಣು, ಅದರೊಳಗಿಂದಲೇ ಕತ್ತರಿ. ಅಮಸಿದ್ದಪ್ಪ ಬಹಳ ಹೊತ್ತು ನೋಡಿ ಸೊಸೆಯ ಕಡೆ ತಿರುಗಿದ.

"ಕುರಿ ಮಾತಾಡಂಗಿಲ್ಲ, ಅದಕ್ಕ ಅದನ್ನ ಕೇಳದಽ ಕೈ ಹಾಕ್ತೀವಿ. ನೀ ಮಾತಾಡ್ತಿ. ಹೇಳು."

"ಬಿಚ್ಚಲಿ," ಎಂದಿದ್ದಳು ವೈಶಾಲಿ.

ಎರಡು ತಿಂಗಳು ಮೊದಲೇ ಹುಟ್ಟಿತು ಕೂಸು, ಕೈ ಸಮೇತ.

*

ಮೂರನೆಯ ಸಲವೂ ಮಣ್ಣು ಸೋರಿತು. "ಸಾಕು ಬಿಡು ತಂಗಿ, ಎಡಗೈಲೆ ಹಾಕು," ಎಂದರು ಯಾರೋ.

"ಒಲ್ಲೆ," ಎಂದಳು ಪೂನಮ್. ಮತ್ತೆ ಬಲಗೈಗೇ ಮಣ್ಣು ತುಂಬಿಕೊಂಡಳು.

ಯಮನಪ್ಪ ಕೆಮ್ಮಿದ. ಹತ್ತಿರ ಬಂದು ಮೊಣಕಾಲೂರಿದ. "ತಡಿ. ಒಣ ಮಣ್ಣು ನನ್ನ ಕೈಯಾಗೂ ನಿಲ್ಲಂಗಿಲ್ಲ." ತಂಬಿಗೆಯ ನೀರನ್ನು ಅವಳ ಅಂಗೈಯ ಮಣ್ಣಿಗೆ ಹನಿಹನಿಯಾಗಿ ಬಿಟ್ಟ. "ಈಗ ಹಿಚುಕು."

ಪೂನಮ್ ಕೆಳತುಟಿ ಕಚ್ಚಿ ಹಿಚುಕಿದಳು, ಕೈ ಚಾಚಿ ಬಿಟ್ಟಳು.

ಅಜ್ಜನ ಎದೆಯ ಮೇಲಿನ ಕರಿಕಂಬಳಿಯಲ್ಲಿ ಹಸಿ ಹೆಂಟೆಯೊಂದು ಕೂತಿತು. ಅದರ ಮೈಮೇಲೆ ಐದು ಸಣ್ಣ ತಗ್ಗು, ಐದರಲ್ಲೂ ನೀರು ಹೊಳೆಯುತ್ತಿತ್ತು.