ಸೀನಿಗೆ ಕುಳಿತ ಪ್ರೋಗ್ರಾಮು

ಬನಹಟ್ಟಿಯ ಶಂಕರೆಪ್ಪ ಸಾವ್ಕಾರರ ಸೀರೆ ಅಂಗಡಿಯಲ್ಲಿ ಅಳಿಯ ಸುಭಾಷನ ಮಾತೆಂದರೆ ದೇವರ ಮಾತು. ದೇವರಾದರೂ ಅಪರೂಪಕ್ಕೆ ಮಾತಾಡುತ್ತಾನೆ, ಸುಭಾಷ್ ದಿನವೂ ಮಾತಾಡುತ್ತಿದ್ದ. ಸೀರೆಯ ಡಿಸೈನ್ ಫೈಲುಗಳನ್ನು ರಬಕವಿಯ ಮಗ್ಗಗಳಿಗೆ ಕಳಿಸುವ ಪ್ರೋಗ್ರಾಮು ಬರೆದವನೂ ಅವನೇ. ದಿನಕ್ಕೆ ನಾನೂರ ಎಂಬತ್ತು ಫೈಲು. ಬೆಳಿಗ್ಗೆ ಒಂಬತ್ತಕ್ಕೆ ಹೊರಟವು ಎಲ್ಲ ಮುಟ್ಟುವಷ್ಟರಲ್ಲಿ ಮಧ್ಯಾಹ್ನ, ಎಲ್ಲ ಮುಟ್ಟದೆ ಮಗ್ಗ ಶುರುವಾಗದು. ನಡೆದು ಹೊರಟವನು ಅಷ್ಟರಲ್ಲಿ ರಬಕವಿಗೆ ಹೋಗಿ, ಊಟ ಮುಗಿಸಿ, ತಿರುಗಿ ಬರಬಹುದಿತ್ತು.

ಬೈಗುಳ ಮಾತ್ರ ಅಂಗಡಿಯ ಕಂಪ್ಯೂಟರಿನ ಗುಂಡಿ ಒತ್ತುವ ವೈಶಾಲಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ನಾಳೆ ಹತ್ತಕ್ಕ ಮಗ್ಗ ಶುರು ಆಗ್ಲಿಲ್ಲಂದ್ರ ನೀ ಕೆಲಸಕ್ಕ ಬರಬ್ಯಾಡವಾ," ಎಂದರು ಸಾವ್ಕಾರರು.

ಅದರ ಬೆನ್ನಿಗೇ ರಬಕವಿಯಿಂದ ನೇಕಾರ್ತಿ ದಾನಮ್ಮನ ಫೋನು. "ಯವ್ವಾ, ಖಾಲಿ ಮಗ್ಗದ ಮುಂದ ಕುಂತ ಕುಂತ ನಿದ್ದಿ ಬರಾಕತ್ತೈತಿ. ನೇಯ್ದ್ರ ಕೂಲಿ, ಕುಂತ್ರ ಯಾರ ಕೊಡ್ತಾರ?"

ವೈಶಾಲಿಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು. ಅಳಿಯದೇವರ ಪ್ರೋಗ್ರಾಮನ್ನು ತೆರೆದು ಸಾಲು ಸಾಲಾಗಿ ಓದಿದಳು.

ಇಂಟರ್‌ನೆಟ್ಟಿನದೇನೂ ತಪ್ಪಿರಲಿಲ್ಲ. ಪ್ರತಿ ಫೈಲು ಕಳಿಸುವ ಮುನ್ನ ಪ್ರೋಗ್ರಾಮು ಇಪ್ಪತ್ತು ಸೆಕೆಂಡು ಸುಮ್ಮನೆ ಕೂರುತ್ತಿತ್ತು. ಆ ಸಾಲಿನ ಪಕ್ಕ ಸುಭಾಷನ ಟಿಪ್ಪಣಿ: "ಮಾವನವರ ಅಪ್ಪಣೆ. ಸೀನು."

ಆಗ ನೆನಪಾಯಿತು. ವರ್ಷದ ಹಿಂದೆ, ಹೊಸ ಪ್ರೋಗ್ರಾಮಿಗೆ ಪೂಜೆ ಮಾಡಿದ ದಿನ, ಮೊದಲ ಫೈಲು ಹೊರಡುವಾಗ ಯಾರೋ ಒಂಟಿ ಸೀನು ಸೀನಿದ್ದರು. ಹೊರಟವರು ಸೀನು ಕೇಳಿದರೆ ಕೊಂಚ ಕುಳಿತು ಹೋಗಬೇಕಲ್ಲವೇ? "ಸ್ವಲ್ಪ ಕುಂಡ್ರಿಸಿ ಕಳಸ್ರಿ ಅಳಿಯಾರ," ಎಂದಿದ್ದರು ಸಾವ್ಕಾರರು. ಅಳಿಯ ಕೂರಿಸಿದ್ದ, ಒಂದೊಂದು ಫೈಲನ್ನೂ, ವರ್ಷವಿಡೀ. ಒಂದು ಸೀನಿಗೆ ದಿನಕ್ಕೆ ಎರಡು ತಾಸು ನಲವತ್ತು ನಿಮಿಷ!

ಆ ಸಾಲನ್ನು ಅಳಿಸಿದರೆ ಅಪಚಾರ, ಬಿಟ್ಟರೆ ನೌಕರಿಗೆ ಸಂಚಕಾರ. ವೈಶಾಲಿ ಅದನ್ನು ಕಿತ್ತು ಎಲ್ಲಕ್ಕಿಂತ ಮೇಲೆ ಇಟ್ಟಳು. ಮೊದಲಿಗೆ ಒಮ್ಮೆ ಕೂರು, ಆಮೇಲೆ ಎಲ್ಲ ಫೈಲನ್ನೂ ಒಂದೇ ಸಮನೆ ಕಳಿಸು.

ಮರುದಿನ ಒಂಬತ್ತೂವರೆಗೇ ದಾನಮ್ಮನ ಮಗ್ಗದ ಸದ್ದು ಫೋನಿನಲ್ಲಿ ಕೇಳಿಸಿತು. ಸಾವ್ಕಾರರು ಹುಬ್ಬು ಗಂಟಿಕ್ಕಿದರು. "ಇಷ್ಟ ಲಗೂ? ಕುಂಡ್ರೂದು ತಗದಿ ಏನವಾ?"

"ಇಲ್ರೀ ಸಾವ್ಕಾರ್ರ, ಒಮ್ಮೆ ಕುಂತ ಹೊಂಡತೈತ್ರಿ. ನೀವು ಜಮಖಂಡಿಗೆ ಹೊಂಟಾಗ ಯಾರರ ಸೀನಿದ್ರ ಮನ್ಯಾಗ ಒಮ್ಮೆ ಕುಂಡ್ರತೀರಿ. ದಾರಿ ತುಂಬ ಹೆಜ್ಜಿಗೊಮ್ಮೆ ಕುಂಡ್ರತೀರೇನ್ರಿ?"

ಸಾವ್ಕಾರರು ಮೀಸೆ ತಿರುವಿದರು. "ಖರೆ ಐತಿ."

ನೌಕರಿ ಉಳಿಯಿತು. ಸಂಜೆ ಅಂಗಡಿಯಲ್ಲಿ ಸನ್ಮಾನ, ಸುಭಾಷನಿಗೆ. ಪ್ರೋಗ್ರಾಮು ಬರೆದವರು ಅವರಲ್ಲವೇ! ಪೇಡೆಯ ತಾಟು ಹಿಡಿಯುವ ಕೆಲಸ ವೈಶಾಲಿಯದು. ಅವಳ ಹೊಟ್ಟೆ ಉರಿಯಿತು, ಉರಿಯದೆ ಏನು ಮಾಡೀತು?

ಸಾವ್ಕಾರರು ಶಾಲು ಬಿಚ್ಚಿದರು, ಅಳಿಯ ಕತ್ತು ಬಾಗಿಸಿದ. ವೈಶಾಲಿ ಸೀನಿದಳು. ಒಂದೇ ಸೀನು.

"ಸ್ವಲ್ಪ ಕುಂಡ್ರಿ ಅಳಿಯಾರ," ಎಂದರು ಸಾವ್ಕಾರರು. ಎಲ್ಲರೂ ಕುಳಿತು ಎದ್ದರು. ಶಾಲು ಮತ್ತೆ ಮೇಲೆದ್ದಿತು. ವೈಶಾಲಿ ಮತ್ತೆ ಸೀನಿದಳು. ಎಲ್ಲರೂ ಮತ್ತೆ ಕುಳಿತರು.

ಅವಳು ಮಾತ್ರ ತಾಟು ಹಿಡಿದು ನಿಂತೇ ಇದ್ದಳು. ಇನ್ನೂ ನಾನೂರ ಎಪ್ಪತ್ತೆಂಟು ಬಾಕಿ ಇದ್ದವು.