ಮೇಲ್ಮನೆಯ ತಾಮ್ರ

ಹಾರೆಯ ಮೊದಲ ಏಟಿಗೆ ಸ್ವಿಚ್‌ಬೋರ್ಡಿನ ಮುಚ್ಚಳ ಸಿಡಿಯಿತು. ಎರಡನೆಯದಕ್ಕೆ ಹೊಸ ಬಣ್ಣದ ಗೋಡೆ ಅಂಗೈಯಗಲ ಕಿತ್ತುಬಂದು ನೆಲದ ಮೇಲೆ ಚೂರಾಯಿತು. ಮೇಲ್ಮನೆಯ ಅಡುಗೆಮನೆಯಲ್ಲಿದ್ದ ಅತ್ತಿಗೆ ಸೌಟು ಹಿಡಿದುಕೊಂಡೇ ಓಡಿಬಂದಳು.

"ಅಯ್ಯೋ, ಕರೆಂಟು ಹೊಡೆಯುತ್ತೆ ಕಣೇ!"

"ಮೇನ್ ಆಫ್ ಮಾಡಿಯೇ ಹತ್ತಿದ್ದೀನಿ ಅತ್ತಿಗೆ. ದೂರ ನಿಲ್ಲಿ," ಎಂದು ತಂಗಿ ಹಾರೆಯನ್ನು ಮತ್ತೆ ಎತ್ತಿದಳು.

ಅಂದು ಬೆಳಿಗ್ಗೆ ಕೆಳಮನೆಯಲ್ಲಿ ಅವಳ ಮಗಳು ಇಸ್ತ್ರಿಪೆಟ್ಟಿಗೆಗೆಂದು ಸ್ವಿಚ್ ಒತ್ತಿದ್ದೇ ತಡ, ಬೋರ್ಡಿನೊಳಗಿಂದ ಬೆಂಕಿ ಹಾರಿ ಹುಡುಗಿಯ ಜಡೆಯನ್ನು ಹಿಡಿದಿತ್ತು. ಕಿವಿಯಿಂದ ಹೆಗಲಿನವರೆಗೆ ಚರ್ಮ ಬೆಂದಿತ್ತು. ಆಸ್ಪತ್ರೆಯಲ್ಲಿ ಮಗಳಿಗೆ ಪಟ್ಟಿ ಕಟ್ಟಿಸಿಕೊಂಡು ಮರಳಿದ ತಾಯಿ, ಕರಕಲಾದ ಬೋರ್ಡನ್ನು ಕಿತ್ತು ನೋಡಿದಳು. ತಾಮ್ರವಿರಬೇಕಾದ ಕಡೆ ಬೆಳ್ಳನೆಯ ಅಲ್ಯುಮಿನಿಯಂ ತಂತಿ, ಸ್ಕ್ರೂವಿನಡಿ ಚಪ್ಪಟೆಯಾಗಿ ಅರ್ಧ ತುಂಡಾಗಿತ್ತು. ಅದನ್ನು ಎಳೆದವನು ಅವಳ ಸ್ವಂತ ಅಣ್ಣ, ಬೀದಿಗೆಲ್ಲ ವೈರಿಂಗ್ ಮಾಡುವವನು. ಗಿರಾಕಿಗಳ ಮುಂದೆ ಅವನು ಒಪ್ಪಿಸುವ ಪಾಠವನ್ನು ಅವಳು ಎಷ್ಟೋ ಸಲ ಕೇಳಿದ್ದಳು: "ಅಲ್ಯುಮಿನಿಯಂ ನಂಬಬೇಡಿ ಸ್ವಾಮಿ. ಬಿಸಿಯಾದ್ರೆ ಹಿಗ್ಗುತ್ತೆ, ಆರಿದ್ರೆ ಕುಗ್ಗುತ್ತೆ, ಸ್ಕ್ರೂ ಸಡಿಲ ಆಗುತ್ತೆ. ಸಡಿಲ ಆದ ಕಡೆ ಕಿಡಿ. ಬಿಗಿ ಮಾಡ್ತಾ ಹೋದ್ರೆ ತಂತೀನೇ ತುಂಡು." ಹಾಗೆಂದವನೇ, ಕೆಳಮನೆಯ ದೀಪ ಮಿಣುಕಿದಾಗಲೆಲ್ಲ ಇಳಿದುಬಂದು ಆ ಸ್ಕ್ರೂವನ್ನು ಇನ್ನೊಂದು ಸುತ್ತು ಬಿಗಿದು ಹೋಗುತ್ತಿದ್ದ. ಒಡಹುಟ್ಟಿದವಳ ಗೋಡೆಯೊಳಗೆ ಕೆಂಡ ಹೂತು, ಮೇಲೆ ಸುಣ್ಣ ಬಳಿದು ನೆಮ್ಮದಿಯಾಗಿ ಉಣ್ಣುವ ಜಾಣತನಕ್ಕೆ ಏನೆಂದು ಹೆಸರಿಡಬೇಕು?

ಮೂರನೆಯ ಏಟಿಗೆ ಪೈಪು ಒಡೆದು ಒಳಗಿನ ತಂತಿ ಹೊರಬಿತ್ತು. ಸಿಪ್ಪೆ ಹರಿದ ಕಡೆ ಕೆಂಪಗೆ ಹೊಳೆಯಿತು.

"ನೋಡಿ ಅತ್ತಿಗೆ. ನಿಮ್ಮ ಗೋಡೇಲಿ ತಾಮ್ರ. ನನ್ನ ಗೋಡೇಲಿ ನಿಮ್ಮನೆಯಿಂದ ಕಿತ್ತ ಕಸ."

ಬಾಗಿಲಲ್ಲಿ ಅಣ್ಣ ನಿಂತಿದ್ದ. "ಯಾರಪ್ಪನ ಗೋಡೆ ಅಂತ ಒಡೀತಿದ್ದೀಯೇ?"

"ನಮ್ಮಪ್ಪಂದು. ನಿನಗೆ ಬೇರೆ ಅಪ್ಪ ಇದ್ನಾ?"

ಅವನು ಅವಳ ತುರುಬು ಹಿಡಿದು ಹಣೆಯನ್ನು ಗೋಡೆಗೆ ಜಜ್ಜಿದ. ಅವಳು ಕುರುಡಾಗಿ ಬೀಸಿದ ಹಾರೆ ಅವನ ಭುಜಕ್ಕೆ ತಗುಲಿತು. ಮೂಳೆಯ ಸದ್ದು ಕೇಳಿಸಿತು. ಅವನು ಒದ್ದ. ಬಿದ್ದವಳ ಕೈಯನ್ನು ಚಪ್ಪಲಿಗಾಲಲ್ಲಿ ತುಳಿದು ಹಾರೆಯನ್ನು ಕಸಿದುಕೊಂಡ. "ಗಂಡ ಸತ್ತೋಳು ಅಂತ ನೆರಳು ಕೊಟ್ಟೆನಲ್ಲ, ನನಗೆ ಬುದ್ಧಿ ಇರ್ಲಿಲ್ಲ!"

"ರೀ," ಎಂದಳು ಅತ್ತಿಗೆ. ಅವಳ ದೃಷ್ಟಿ ಗೋಡೆಯ ತೂತಿನಲ್ಲೇ ಇತ್ತು. "ಹಳೇ ತಂತೀನ ಗುಜರಿಗೆ ಹಾಕಿದೆ ಅಂದಿದ್ರಲ್ಲ?"

"ಕೆಳಗಡೆ ಏನು ಅರಮನೆನಾ? ಎರಡು ಬಲ್ಬು, ಒಂದು ಫ್ಯಾನು. ಅಷ್ಟಕ್ಕೆ ಅದು ಸಾಕು."

"ಸಾಕಾಯ್ತು ಬಿಡಿ. ಮಗು ಬೆಂದು ಬಂತು."

ಅವಳು ಸೌಟನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಕೆಳಗಿಳಿದಳು. ಮೀಟರಿನ ಪಕ್ಕದ ಪಿಂಗಾಣಿ ಫ್ಯೂಸುಗಳನ್ನು, ಎರಡೂ ಮನೆಯವನ್ನು, ಕಿತ್ತುಕೊಂಡು ಬಂದು ಮೆಟ್ಟಿಲ ನಡುವೆ ಕುಳಿತಳು. "ಕೆಳಗೆ ಹೊಸ ತಂತಿ ಬರೋವರೆಗೂ ಮೇಲೂ ದೀಪ ಇಲ್ಲ."

"ಕೊಡೇ ಇಲ್ಲಿ!" ಅವನು ಬೀಸಿದ ಏಟಿಗೆ ಅವಳ ತಲೆ ಕಬ್ಬಿಣದ ಕಂಬಿಗೆ ಬಡಿದು ಹುಬ್ಬು ಸೀಳಿತು. ಒಂದೊಂದೇ ಬೆರಳನ್ನು ತಿರುಚಿ ಬಿಡಿಸಲು ನೋಡಿದ. ಅವಳು ಅವನ ಮಣಿಕಟ್ಟನ್ನು ಕಚ್ಚಿದಳು. ರಕ್ತ ಬಂದರೂ ಹಲ್ಲು ಸಡಿಲಿಸಲಿಲ್ಲ. ಮದುವೆಯಾದಂದಿನಿಂದ ಎದುರಾಡದವಳು. ಅವನೇ ಕೈ ಎಳೆದುಕೊಂಡು ಹಿಂದೆ ಸರಿದ.

ಹೊತ್ತು ಮುಳುಗಿತು. ಪಟ್ಟಿ ಕಟ್ಟಿದ ಹುಡುಗಿ ಹತ್ತಿಬಂದು ಅತ್ತಿಗೆಯ ತೊಡೆಗೆ ಒರಗಿದಳು. ತಂಗಿ ಊದಿದ ಕೈಯಲ್ಲೇ ಸೆರಗು ಒದ್ದೆಮಾಡಿ ಅತ್ತಿಗೆಯ ಹುಬ್ಬನ್ನು ಒರೆಸತೊಡಗಿದಳು.

ಬಹಳ ಹೊತ್ತಿನ ಮೇಲೆ ಮೇಲಿಂದ ಹೆಜ್ಜೆಯ ಸದ್ದಾಯಿತು. ಅಣ್ಣನ ಒಂದು ಭುಜ ಜೋತುಬಿದ್ದಿತ್ತು; ಇನ್ನೊಂದರಲ್ಲಿ ಸಾಮಾನಿನ ಚೀಲ, ಕಂಕುಳಲ್ಲಿ ತಂತಿಯ ಹೊಸ ಸುರುಳಿ. ಮೆಟ್ಟಿಲು ಇಕ್ಕಟ್ಟು. ಅವನು ನಿಂತ.

ಅತ್ತಿಗೆ ತಲೆಯೆತ್ತದೆ ಮೊಣಕಾಲನ್ನು ಪಕ್ಕಕ್ಕೆ ಸರಿಸಿ ದಾರಿಬಿಟ್ಟಳು. ಫ್ಯೂಸು ಹಿಡಿದ ಮುಷ್ಟಿ ಬಿಗಿಯಾಗಿಯೇ ಇತ್ತು.