ನಿಂತ ತೂಕ, ಜೀಕಿದ ತೂಕ

"ಓದೋದೇನಿದೆ ಅದರಲ್ಲಿ? ಕೆಳಗೆ ಸಹಿ ಹಾಕಯ್ಯ," ಎಂದು ಇಂಜಿನಿಯರ್ ಹಾಳೆಯನ್ನು ಮೇಜಿನ ಮೇಲೆ ತಳ್ಳಿದರು.

ಫಿಟ್ಟರ್ ಬೇಕೆಂದೇ ನಿಧಾನವಾಗಿ ಓದಿದ. 'ಜೋಕಾಲಿ ಸುಸ್ಥಿತಿಯಲ್ಲಿತ್ತು. ಬಾಲಕಿ ನಿಂತುಕೊಂಡು ಮಿತಿಮೀರಿದ ವೇಗದಲ್ಲಿ ಜೀಕಿದ್ದರಿಂದ ಅವಘಡ ಸಂಭವಿಸಿದೆ.' ಸುಸ್ಥಿತಿಯಂತೆ ಸುಸ್ಥಿತಿ! ಇಪ್ಪತ್ತಾರು ವರ್ಷದಿಂದ ಊರಿನ ಹನ್ನೊಂದು ಪಾರ್ಕುಗಳ ಜೋಕಾಲಿ, ಜಾರುಬಂಡೆ ನೋಡಿಕೊಂಡು ಬಂದ ಮನುಷ್ಯ. ಮೈಯೆಲ್ಲ ಉರಿದುಹೋಯಿತು.

"ಸಾರ್, ಮೇಲಿನ ಕೊಂಡಿ ಸವೆದು ಅರ್ಧ ಆಗಿದೆ ಅಂತ ಸೋಮವಾರವೇ ಹೇಳಿದ್ದೆ. ಜೋಕಾಲೀನ ಮೇಲೆ ಕಟ್ಟಿಯೂ ಇಟ್ಟಿದ್ದೆ."

ಕಟ್ಟುವುದೆಂದರೆ ಹೀಗೆ. ಕೆಟ್ಟ ಜೋಕಾಲಿಗೆ ಅವನು ಬೋರ್ಡು ತಗಲಿಸುತ್ತಿರಲಿಲ್ಲ. ಓದಲು ಬರುವ ಮಕ್ಕಳೂ ಬೋರ್ಡು ಓದುವುದಿಲ್ಲ. ಕೂರುವ ಹಲಗೆಯನ್ನು ಮೇಲಿನ ಅಡ್ಡ ಕೊಳವೆಯಾಚೆ ಎಸೆದು, ಸರಪಳಿಯನ್ನು ನಾಲ್ಕು ಸುತ್ತು ಸುತ್ತಿಬಿಡುತ್ತಿದ್ದ. ಆಮೇಲೆ ಏಣಿ ಇಲ್ಲದೆ ಯಾರಪ್ಪನಿಗೂ ಅದನ್ನು ಇಳಿಸಲು ಆಗುತ್ತಿರಲಿಲ್ಲ.

"ಕಟ್ಟಿದ್ದೆ, ಸರಿ. ಇಳಿಸಿದ್ಯಾರು?" ಎಂದರು ಇಂಜಿನಿಯರ್, ಮೆಲ್ಲಗೆ.

ಇಳಿಸಿದವನು ಫಿಟ್ಟರನೇ. ಬುಧವಾರ ಪುರಸಭೆ ಅಧ್ಯಕ್ಷರು ಹೊಸ ಬಣ್ಣ ಬಳಿದ ಪಾರ್ಕು ನೋಡಲು ಬರುವವರಿದ್ದರು. ಇದೇ ಇಂಜಿನಿಯರ್ ಫೋನು ಮಾಡಿ, "ಒಂದು ಗಂಟೆ ಇಳಿಸಿಬಿಡಪ್ಪ, ಫೋಟೋದಲ್ಲಿ ಬೋಳುಬೋಳಾಗಿ ಕಾಣತ್ತೆ," ಅಂದಿದ್ದರು. ಇವನು ಗೊಣಗುತ್ತಲೇ ಏಣಿ ಹತ್ತಿದ. ಫೋಟೋ ಆಯಿತು, ಅಧ್ಯಕ್ಷರು ಹೋದರು. ಅಷ್ಟರಲ್ಲಿ ಇನ್ನೊಂದು ಪಾರ್ಕಿನಲ್ಲಿ ನೀರಿನ ಪೈಪು ಒಡೆದಿದೆ ಎಂದು ಫೋನು. ಓಡಿದ. ಮತ್ತೆ ಕಟ್ಟುವುದು ನೆನಪಾಗುವ ಹೊತ್ತಿಗೆ ಸಂಜೆಯಾಗಿತ್ತು, ಕೊಂಡಿ ತುಂಡಾಗಿ ಹುಡುಗಿ ಬಿದ್ದಾಗಿತ್ತು, ಮೊಣಕೈ ಎರಡು ಕಡೆ ಮುರಿದಿತ್ತು.

"ಅದನ್ನೂ ಬರೆಯೋಣವೇನು? ಹೋಗೋದು ನಿನ್ನ ಕೆಲಸ ಕಣಯ್ಯ. ನಾನು ಫೋನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಎಲ್ಲಿದೆ? ಅಲ್ಲ, ಇಪ್ಪತ್ತು ಕೇಜಿ ಹುಡುಗಿ. ಅಷ್ಟು ತೂಕಕ್ಕೆ ಕಬ್ಬಿಣದ ಕೊಂಡಿ ಮುರಿಯತ್ತಾ? ಕುಣಿದಿರ್ತಾಳೆ."

"ಬನ್ನಿ ಸಾರ್," ಎಂದ ಫಿಟ್ಟರ್. ಅವನ ದನಿಗೇ ಇಂಜಿನಿಯರ್ ಎದ್ದು ಹಿಂದೆ ಹೋದರು.

ಸಾಮಾನಿನ ಕೋಣೆಯ ತೊಲೆಗೆ ಹಳೇ ಕಬ್ಬಿಣ ತೂಗುವ ತಕ್ಕಡಿ ನೇತಾಡುತ್ತಿತ್ತು, ಗಡಿಯಾರದ ಮುಖದ್ದು. ಫಿಟ್ಟರ್ ಅದರ ಕೊಕ್ಕೆಗೆ ಹಗ್ಗ ಬಿಗಿದು ಮರಳಿನ ಚೀಲ ಕಟ್ಟಿದ. ಮುಳ್ಳು ಇಪ್ಪತ್ತಕ್ಕೆ ನಿಂತಿತು. ಚೀಲವನ್ನು ಹಗ್ಗ ಹೆಚ್ಚುಕಡಿಮೆ ಅಡ್ಡವಾಗುವಷ್ಟು ಎಳೆದು ಬಿಟ್ಟ. ಚೀಲ ಕೆಳಗೆ ಹಾಯುವಾಗ ಮುಳ್ಳು ಐವತ್ತರ ಹತ್ತಿರ ಹಾರಿತು, ತೊಲೆ ಕಿರ್ರೆಂದಿತು.

"ಈ ಮರಳು ಎದ್ದು ನಿಂತಿತ್ತಾ ಸಾರ್? ಕುಣೀತಾ?" ಎಂದು ಅವನು ಕಿರುಚಿದ. "ನಿಂತ ತೂಕ ಬೇರೆ, ಜೀಕಿದ ತೂಕ ಬೇರೆ! ಮರದ ಕೊಂಬೆಗೆ ಹಗ್ಗ ಕಟ್ಟಿದ ಕಾಲದಿಂದ ಮಕ್ಕಳು ಜೋರಾಗೇ ಜೀಕಿದ್ದಾರೆ. ಮೆಲ್ಲಗೆ ಜೀಕೋ ಮಗೂನ ಎಲ್ಲಾದರೂ ಕಂಡಿದೀರಾ ನೀವು?"

"ಈ ಲೆಕ್ಕ ನನಗೂ ಗೊತ್ತಯ್ಯ. ನಾನೂ ಓದಿದೀನಿ."

"ಗೊತ್ತಿದ್ದೂ ಬರೆಸಿದಿರಲ್ಲ!"

ಇಂಜಿನಿಯರ್ ತೂಗಾಡುತ್ತಿದ್ದ ಚೀಲವನ್ನು ಕೈಯಿಂದ ಹಿಡಿದು ನಿಲ್ಲಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಆ ಕಚೇರಿಯಲ್ಲಿ ಹೊಸದೇನಲ್ಲ. ಆದರೆ ಈ ಸಲ ಬರೆ ಬಿದ್ದದ್ದು ಎಂಟು ವರ್ಷದ ಮಗುವಿಗೆ. ನಿನ್ನೆ ತಾಯಿ ಮಗಳು ಇಬ್ಬರೂ ಕಚೇರಿಗೆ ಬಂದಿದ್ದರು. ಮಗುವಿನ ಮುಂದೆಯೇ ಇಂಜಿನಿಯರ್, "ತಪ್ಪು ನಿಮ್ಮ ಮಗಳದೇ ಅಮ್ಮ," ಎಂದುಬಿಟ್ಟರು. ಹೊರಗೆ ಹೋಗುವಾಗ ಆ ಹುಡುಗಿ, ಕೈಗೆ ಪ್ಲಾಸ್ಟರು, ಫಿಟ್ಟರನ ಹತ್ತಿರ ನಿಂತು ಕೇಳಿದ್ದಳು: "ತಾತಾ, ನಾನು ಜೋರಾಗಿ ಜೀಕಿದ್ದಕ್ಕೇ ಮುರೀತಾ?" ಇವನು ನೆಲ ನೋಡಿದ್ದ. ಥೂ, ನನ್ನ ಜನ್ಮಕ್ಕಿಷ್ಟು! ರಾತ್ರಿಯೆಲ್ಲ ತನ್ನನ್ನು ತಾನೇ ಬೈದುಕೊಂಡಿದ್ದ. ಇಂಜಿನಿಯರ ಮೇಲಿನ ಸಿಟ್ಟಿಗಾದರೂ ಒಂದು ಕೊನೆಯಿತ್ತು, ತನ್ನ ಮೇಲಿನ ಸಿಟ್ಟಿಗೆ ಇರಲಿಲ್ಲ.

ಹಾಳೆಯನ್ನು ಮಗುಚಿ, ಅಲ್ಲೇ ಕಬ್ಬಿಣದ ಪೆಟ್ಟಿಗೆಯ ಮೇಲಿಟ್ಟು ಬರೆದ. ದೊಡ್ಡ ದೊಡ್ಡ ಅಕ್ಷರ. ಸೋಮವಾರ, ಬುಧವಾರ, ಕೊಂಡಿ, ಫೋನು, ಪೈಪು, ಎಲ್ಲ. ಕೆಳಗೆ ಸಹಿ ಹಾಕಿದ.

"ಕೊಡು ಇಲ್ಲಿ," ಎಂದು ಇಂಜಿನಿಯರ್ ಕೈ ಚಾಚಿದರು.

"ಇದು ನಿಮಗಲ್ಲ ಸಾರ್."

ಹುಡುಗಿಯ ಮನೆ ಮೂರನೇ ಮಹಡಿಯಲ್ಲಿತ್ತು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಕಿಕೊಂಡೇ ತಾಯಿ ಬಾಗಿಲು ತೆರೆದಳು; ಬಟ್ಟೆ ಹೊಲಿಯುವ ಹೆಂಗಸು. ಒಳಗೆ ಬನ್ನಿ ಎನ್ನಲಿಲ್ಲ. ಅವನು ಹಾಳೆ ಕೊಟ್ಟ. ಅವಳು ನಿಂತಲ್ಲೇ ಓದಿದಳು, ಅರ್ಧಕ್ಕೆ ತಲೆಯೆತ್ತಿದಳು.

"ಮುರಿಯತ್ತೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು ತಾಯಿ."

"ಗೊತ್ತಿದ್ದೂ ಇಳಿಸಿದಿರಿ."

"ಹೌದು."

"ಮೂರು ದಿನದಿಂದ ನಾನೂ ಅವಳಿಗೇ ಬೈತಿದೀನಿ," ಎಂದಳು. ಒಂದು ಹೆಜ್ಜೆ ಮುಂದೆ ಬಂದಳು. ಹೊಡೆದಾಳು ಅನ್ನಿಸಿತು. ಹೊಡೆದಿದ್ದರೆ ಚೆನ್ನಾಗಿತ್ತು. ಬಾಗಿಲು ದಢಾರನೆ ಮುಚ್ಚಿತು.

ಅವನು ನಾಲ್ಕು ಮೆಟ್ಟಿಲು ಇಳಿದಿದ್ದ. ಒಳಗಿನಿಂದ ಅವಳ ದನಿ ಕೇಳಿಸಿತು. ಮಗಳಿಗೆ ಓದಿ ಹೇಳುತ್ತಿದ್ದಳು, ಮೊದಲಿಂದ, ಒಂದೊಂದೇ ಪದ ಬಿಡಿಸಿ. 'ಕಟ್ಟಿದ್ದ ಜೋಕಾಲಿಯನ್ನು ಇಳಿಸಿದವನು ನಾನು. ಮಗುವಿನದು ತಪ್ಪಿಲ್ಲ.'

ಮಗು ಏನೋ ಕೇಳಿತು. ತಾಯಿ ಆ ಸಾಲನ್ನು ಮತ್ತೊಮ್ಮೆ ಓದಿದಳು.